ಎರಡು ಕಂಡಿಯ ಹೊಲ

ಅವಳು ಮೊದಲ ಸಲ ಬಾಗಿಲು ತಟ್ಟಿದಾಗ ಕುರಿ ಎಣಿಸುವ ಸರ್ಕಾರಿ ಅಧಿಕಾರಿ ಇರಬೇಕು ಎಂದುಕೊಂಡೆ. ಕಂಕುಳಲ್ಲಿ ಕಾಗದದ ಸುರುಳಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್, ಕಾಲಲ್ಲಿ ಕೆಸರು ಮೆತ್ತಿದ ರಬ್ಬರ್ ಬೂಟು.

“ಕುರಿಗಳೆಲ್ಲ ಗುಡ್ಡದ ಮೇಲಿವೆ. ಬೇಕಾದ್ರೆ ಹತ್ತಿ ನೋಡ್ಕೊಳ್ಳಿ,” ಎಂದೆ.

“ಹತ್ತೀನಿ. ಆದ್ರೆ ನಿಮ್ಮಪ್ಪನ ಟಗರು ನನ್ನ ಗುದ್ದಿ ಹಳ್ಳಕ್ಕೆ ಕೆಡವಿದಾಗ ನಿಂತ್ಕೊಂಡು ನಕ್ಕಿದ್ದು ನೀನೇ ತಾನೆ, ಕೋಲ್ಮನ್?”

ಆ ಕಣ್ಣಂಚಿನ ನಗೆಯಿಂದ ಗುರುತಾಯಿತು. ಪಕ್ಕದ ಮನೆಯ ಫೆಸ್ಟಸ್‌ನ ತಂಗಿ, ಡೀಲಿಯಾ. ಇಪ್ಪತ್ತೆರಡು ವರ್ಷ ಡಬ್ಲಿನ್‌ನಲ್ಲಿ ಪಾಠ ಹೇಳಿ, ನಮ್ಮ ಕಿಲ್‌ಕರ್ರಾದ ಎರಡು ಕೋಣೆಯ ಶಾಲೆಗೆ ಟೀಚರಾಗಿ ಮರಳಿದ್ದಳು.

“ತಪ್ಪಾಯ್ತು ಟೀಚರ್. ಒಳಗೆ ಬನ್ನಿ.”

“ಇನ್ನೊಂದ್ಸಲ ಟೀಚರ್ ಅಂದ್ರೆ ಮೂಲೇಲಿ ನಿಲ್ಲಿಸ್ತೀನಿ. ಡೀಲಿಯಾ ಅನ್ನು.”

ಮೇಜಿನ ಮೇಲೆ ಸುರುಳಿ ಬಿಚ್ಚಿದಳು. ನಮ್ಮೂರಿನ ನಕ್ಷೆ. ಕೆಳಗೆ ಕಡಲು, ಮೇಲೆ ಜೌಗು, ನಡುವೆ ಕಲ್ಲುಗೋಡೆಗಳು ಸುತ್ತುವರಿದ ಸಣ್ಣ ಸಣ್ಣ ಹೊಲಗಳು. ಒಂದಕ್ಕೂ ಹೆಸರಿರಲಿಲ್ಲ.

“ಹೆಸರು ಬಲ್ಲವರು ಒಬ್ಬೊಬ್ಬರೇ ಹೋಗ್ತಿದಾರೆ. ನಿಮ್ಮಜ್ಜಿ ಹೊಲಗಳ ಪದ ಹೇಳ್ತಿದ್ರಲ್ಲ, ಅದು ನಿನಗೆ ಪೂರ್ತಿ ಬರುತ್ತಂತೆ.”

ಬರುತ್ತಿತ್ತು. ಸಂಜೆ ಜಪಮಾಲೆ ಮುಗಿಸಿದ ಮೇಲೂ ಅಜ್ಜಿ ಒಲೆಯ ಮುಂದಿಂದ ಏಳುತ್ತಿರಲಿಲ್ಲ. ಅದೇ ರಾಗದಲ್ಲಿ ಊರ ಹೊಲಗಳನ್ನು ಹಾಡುತ್ತಿದ್ದಳು. ಐವತ್ತಮೂರು ಹೊಲ, ಐವತ್ತಮೂರು ಸಾಲು. ಹೆಸರು ಮರೆತ ಹೊಲದಲ್ಲಿ ದುಡಿದು ಸತ್ತವರಿಗಾಗಿ ಯಾರೂ ಪ್ರಾರ್ಥಿಸುವುದಿಲ್ಲ ಎನ್ನುತ್ತಿದ್ದಳು. ನಾನು ಓದುಬರಹದಲ್ಲಿ ಹಿಂದೆ. ಕಿವಿಗೆ ಬಿದ್ದದ್ದು ಮಾತ್ರ ಎದೆಯಲ್ಲಿ ನಿಲ್ಲುತ್ತಿತ್ತು.

ಆ ದಿನವೇ ಎಲ್ಲವನ್ನೂ ಹೇಳಿಬಿಡಬಹುದಿತ್ತು. ಆದರೆ ಅವಳ ಬೆರಳು ನಕ್ಷೆಯ ಮೇಲೆ ಮೆಲ್ಲಗೆ ಗೋಡೆಯಿಂದ ಗೋಡೆಗೆ ಸರಿಯುತ್ತಿತ್ತು. ಬಾಗಿದ ಕತ್ತಿನ ಮೇಲೆ ಒಂದೆಳೆ ಕೂದಲು ಬಿಡಿಸಿಕೊಂಡಿತ್ತು. ನಾನು ಒಂದು ಹೆಸರು ಹೇಳಿ ನಿಲ್ಲಿಸಿದೆ.

“ಅಷ್ಟೇನಾ?”

“ಮುಂದಿನ ಸಾಲು ನೆನಪಾಗ್ತಿಲ್ಲ. ಶುಕ್ರವಾರ ಬಾ.”

ಶುಕ್ರವಾರ ಬಂದಳು. ಮುಂದಿನ ಶುಕ್ರವಾರವೂ ಬಂದಳು.

“ನಿನ್ನ ನೆನಪು ವಾರಕ್ಕೊಂದೇ ಮೊಟ್ಟೆ ಇಡೋ ಕೋಳಿ ಕಣೋ,” ಎಂದು ಅಣಕಿಸುತ್ತಾ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದಳು. ಕುಂಟ ಕುದುರೆಯ ಹೊಲ. ಮೂವರು ವಿಧವೆಯರ ಹೊಲ. ಹಸಿದವರ ಹೊಲ ಎಂದ ದಿನ ಅವಳ ಕೈ ನಿಂತಿತು. ಆಲೂಗಡ್ಡೆ ಬೆಳೆಯೆಲ್ಲ ಕೊಳೆತ ಕ್ಷಾಮದ ವರ್ಷ ಅಲ್ಲಿ ಹುಲ್ಲು ತಿಂದು ಬಿದ್ದವರನ್ನು ನೆನೆದು ಇಬ್ಬರೂ ಶಿಲುಬೆಯ ಗುರುತು ಹಾಕಿಕೊಂಡೆವು. ಕೈ ಇಳಿಸುವಾಗ ಅವಳ ಬೆರಳು ನನ್ನ ಬೆರಳಿಗೆ ತಾಗಿತು. ಅವಳು ತಕ್ಷಣ ತೆಗೆಯಲಿಲ್ಲ. ನಾನು ತೆಗೆದೆ.

ಒಮ್ಮೆ ಚಹಾ ಕುಡಿಯುತ್ತಾ ಕೇಳಿದಳು. “ನಿಮ್ಮಪ್ಪ ನಿಮ್ಮಮ್ಮನ್ನ ಮದುವೆಗೆ ಹೇಗೆ ಕೇಳಿದ್ರು?”

“ಊರಲ್ಲಿ ಎಲ್ಲರೂ ಕೇಳೋ ಹಾಗೇ. ‘ನಮ್ಮವರ ಸಮಾಧಿ ಪಕ್ಕ ಮಲಗೋಕೆ ಬರ್ತೀಯಾ’ ಅಂತ.”

“ಅಬ್ಬಾ, ಎಂಥಾ ಪ್ರೇಮ!” ಬಟ್ಟಲು ತುಳುಕುವಷ್ಟು ನಕ್ಕಳು. ಆಮೇಲೆ ಒಲೆಯ ಕಡೆ ತಿರುಗಿ, “ಆದ್ರೂ ಯಾರಾದ್ರೂ ಕೇಳಿದ್ರೆ ನಾನೇನು ಬೇಡ ಅನ್ನಲ್ಲ,” ಎಂದಳು.

ಬೆಂಕಿಯ ಬೆಳಕಿಗೋ ಏನೋ, ಕಿವಿಯ ತುದಿ ಕೆಂಪಾಗಿತ್ತು. ನನ್ನ ನಾಲಿಗೆಯ ಮೇಲೆ ಆ ಪ್ರಶ್ನೆ ಬಂದು ಕೂತಿತ್ತು. ನಾನು ಕೇಳಿದ್ದು, “ಇನ್ನೊಂಚೂರು ಚಹಾ ಹಾಕ್ಲಾ?”

ಹೀಗೆ ವರ್ಷ ತುಂಬಿ, ಈಸ್ಟರ್ ಹೊತ್ತಿಗೆ ಒಂದೇ ಒಂದು ಹೊಲ ಉಳಿಯಿತು. ನನ್ನ ಮನೆಗೂ ಫೆಸ್ಟಸ್‌ನ ಮನೆಗೂ ನಡುವಿನದು. ಅದರ ಗೋಡೆಯಲ್ಲಿ ಎರಡು ಕಂಡಿಗಳಿವೆ, ಒಂದು ನಮ್ಮ ಕಡೆಗೆ, ಒಂದು ಅವರ ಕಡೆಗೆ. ದಾಟಬೇಕಾದರೆ ಕಂಡಿಯ ಕಲ್ಲು ತೆಗೆದಿಟ್ಟು, ದಾಟಿದ ಮೇಲೆ ಮತ್ತೆ ಜೋಡಿಸಬೇಕು. ಹೆಸರು ಹೇಳಿದರೆ ನಕ್ಷೆ ಮುಗಿಯುತ್ತದೆ. ನಕ್ಷೆ ಮುಗಿದರೆ ಶುಕ್ರವಾರಗಳೂ ಮುಗಿಯುತ್ತವೆ.

“ನಿಜವಾಗ್ಲೂ ನೆನಪಿಲ್ವಾ?” ಕತ್ತು ವಾಲಿಸಿ ನನ್ನನ್ನೇ ನೋಡುತ್ತಿದ್ದಳು.

“ಇಲ್ಲ.”

“ಸರಿ. ಕಾಯ್ತೀನಿ.”

ಪ್ರತಿ ಭಾನುವಾರ ಚರ್ಚಿನ ಪೂಜೆಯಲ್ಲಿ ದೇವರ ಬಳಿ ಧೈರ್ಯ ಕೇಳಿಕೊಂಡೆ. ಪ್ರತಿ ಶುಕ್ರವಾರ ಚಹಾ ಬಗ್ಗಿಸಿದೆ. ಹೀಗೆ ನವೆಂಬರ್ ಬಂತು.

ಆ ಶುಕ್ರವಾರ ನೀರು ಎರಡು ಸಲ ಕುದಿಯಿತು. ಅವಳು ಬರಲಿಲ್ಲ. ಬಾಗಿಲಿಗೆ ಬಂದು ನೋಡಿದರೆ ಫೆಸ್ಟಸ್‌ನ ಮನೆಯ ಕಿಟಕಿಗಳ ಪರದೆಯೆಲ್ಲ ಎಳೆದಿತ್ತು. ನಮ್ಮೂರಲ್ಲಿ ಅದಕ್ಕೆ ಅರ್ಥ ಒಂದೇ, ಸಾವು. ಶಾಲೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲವಂತೆ. ನಲವತ್ತನಾಲ್ಕು ವರ್ಷ.

ಸಮಾಧಿಯ ಗುಂಡಿಯನ್ನು ಮನೆಯವರು ತೋಡುವಂತಿಲ್ಲ. ತೋಡುವುದು ನೆರೆಯವರ ಕೆಲಸ. ನಾನು ನೆರೆಯವನು. ಭಾನುವಾರ ಬೆಳಿಗ್ಗೆ ಗುದ್ದಲಿ ಹೆಗಲಿಗಿಟ್ಟುಕೊಂಡು ಹೋದೆ. ಉಳಿದ ಮೂವರು ಆಗಲೇ ಸೊಂಟದವರೆಗೆ ತೋಡಿದ್ದರು. ನನ್ನವರ ಸಮಾಧಿಗಳು ಹತ್ತೇ ಹೆಜ್ಜೆ ಆಚೆ, ಪಡುವಣ ಗೋಡೆಯ ಪಕ್ಕ. ಅಲ್ಲಿ ಒಬ್ಬರಿಗೆ ಜಾಗವಿತ್ತು. ಕೇಳಿದ್ದರೆ ಅವಳು ಅಲ್ಲಿಗೆ ಬರುತ್ತಿದ್ದಳು. ಕೇಳದ್ದಕ್ಕೆ ತನ್ನ ಅಪ್ಪ ಅಮ್ಮನ ಬಳಿಗೆ ಹೋಗುತ್ತಿದ್ದಳು.

ಗುಂಡಿಗೆ ಇಳಿಯುವಷ್ಟರಲ್ಲಿ ಫೆಸ್ಟಸ್ ಬಂದ. ತೋಡುವವರಿಗೆಂದು ತಂದ ವಿಸ್ಕಿ ಬಾಟಲಿಯನ್ನು ಕಲ್ಲಿನ ಮೇಲಿಟ್ಟ. ಇನ್ನೊಂದು ಕೈಯಲ್ಲಿ ಆ ಸುರುಳಿ.

“ಒಂದು ಹೊಲ ಖಾಲಿ ಬಿಟ್ಟಿದಾಳೆ.”

“ನಂಗೆ ನೆನಪಾಗ್ಲಿಲ್ಲ ಅಂತ...”

“ಅವಳಿಗೆ ನೆನಪಿತ್ತಲ್ಲೋ. ನಮ್ಮ ಹಿತ್ತಿಲ ಗೋಡೆಯಾಚೆ ಹೊಲ ಅದು. ನಾಲ್ಕು ವರ್ಷದವಳಿದ್ದಾಗ್ಲೇ ಆ ಹೆಸರು ಕೂಗ್ತಾ ಕುಣೀತಿದ್ಲು. ಯಾಕೆ ಬರೀಲಿಲ್ಲ ಅಂತ ಕೇಳ್ದೆ. ‘ಅದನ್ನ ಕೋಲ್ಮನ್ನೇ ಹೇಳ್ಬೇಕು’ ಅಂದ್ಲು.” ಮೂಗು ಒರೆಸಿಕೊಂಡ. “ನೀವಿಬ್ರೂ ಎಂಥಾ ದಡ್ಡರೋ, ಮಾರಾಯ.”

ಗುಂಡಿಯಲ್ಲಿದ್ದವರು ಕೆಲಸ ನಿಲ್ಲಿಸಿ ನೆಲ ನೋಡುತ್ತಾ ನಿಂತರು. ನಾನು ಗುದ್ದಲಿ ಎತ್ತಿದೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ. ಫೆಸ್ಟಸ್ ಅದರ ಮರದ ಕಾವನ್ನು ಹಿಡಿದುಕೊಂಡ.

“ಕೊಡಿಲ್ಲಿ. ಮನೆಯವರು ತೋಡಲ್ಲ.”

ಗುದ್ದಲಿಯನ್ನು ನನ್ನ ಕೈಯಿಂದ ಬಿಡಿಸಿ ಗೋಡೆಗೆ ಒರಗಿಸಿದ. ಬಂದು ನನ್ನ ಪಕ್ಕ ನಿಂತ. ಬದುಕಿನಲ್ಲಿ ಕೇಳಿ ಪಡೆಯಬೇಕಾಗಿದ್ದುದನ್ನು ನನಗೆ ಹೀಗೆ, ಗುಂಡಿಯ ಅಂಚಿನಲ್ಲಿ, ಕೇಳದೆಯೇ ಕೊಟ್ಟರು. ಖಾಲಿ ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ.

ಗುಂಡಿಯಿಂದ ಮಣ್ಣು ಮತ್ತೆ ಮೇಲೆ ಬರತೊಡಗಿತು. ಕಡಲಿನ ಗಾಳಿಗೆ ನಕ್ಷೆಯ ಅಂಚು ಪಟಪಟ ಬಡಿದುಕೊಳ್ಳುತ್ತಿತ್ತು. ಅಜ್ಜಿಯ ರಾಗದಲ್ಲಿ, ತಡವರಿಸದೆ, ಆ ಕೊನೆಯ ಸಾಲನ್ನು ಹೇಳಿದೆ.

“ಎರಡು ಕಂಡಿಯ ಹೊಲ, ಡೀಲಿಯಾ.”

ಬರೆದುಕೊಳ್ಳಲು ಅವಳಿರಲಿಲ್ಲ.