ಕಿಂದಿಯ ಆನೆಬಾಲದ ಟೋಪಿ

"ಟೋಪಿ ಇಲ್ಲ! ಅಣ್ಣನ ಟೋಪಿ ಯಾರೋ ಕದ್ದಿದಾರೆ!"

ಕಿಕುನಿಯ ಕೂಗಿಗೆ ಊರೇ ಸಮಾಧಿಯ ಬಳಿ ನೆರೆಯಿತು. ಅವನ ಅಣ್ಣ ಇತೊಂಗ್ವಾ ಊರ ಹಿರಿಯರ ಬ್ವಾಮಿ ಸಂಘದ ತುತ್ತತುದಿಯ ಪದವಿಗೇರಿ ಕಿಂದಿ ಎನಿಸಿಕೊಂಡವನು. ಸತ್ತ ಮೇಲೆ ಅವನ ಆನೆಬಾಲದ ಟೋಪಿಯನ್ನು ಸಮಾಧಿಯ ಮೇಲಿಟ್ಟಿದ್ದರು. ಇಂದು ಅದು ಕಿಕುನಿಯ ಕೈಸೇರಬೇಕಿತ್ತು. ಈಗ ಅಲ್ಲಿ ಉಳಿದದ್ದು ಅದರಡಿಯ ಒಳಟೋಪಿ ಮಾತ್ರ.

ಹಿರಿಯ ಮುಬಾಕೆ ವಿಚಾರಣೆಗೆ ಬರುವಷ್ಟರಲ್ಲಿ ಸತ್ತವನ ಮಗ ಲುಸೊಲೊನನ್ನು ಮನೆಯಂಗಳದ ಕಂಬಕ್ಕೆ ಕಟ್ಟಿ ಹೊಡೆದಾಗಿತ್ತು. ತುಟಿ ಒಡೆದಿತ್ತು.

"ಇವನ ಮೇಲೇ ಯಾಕಪ್ಪಾ ಅನುಮಾನ?"

"ಪಟ್ಟಣದ ವ್ಯಾಪಾರಿ ಹತ್ರ ಟೋಪಿ ಮಾರೋ ಮಾತಾಡ್ತಿದ್ದ. ನಾನೇ ಕೇಳಿಸ್ಕೊಂಡೆ!" ಎಂದ ಕಿಕುನಿ.

"ಹೌದೇನೋ, ಲುಸೊಲೊ?"

"ಮಾತಾಡಿದ್ದು ನಿಜ ತಾತ. ಕದ್ದಿಲ್ಲ."

"ಯಾವ ಕಳ್ಳ ಕದ್ದೆ ಅಂತಾನೆ?" ಕಿಕುನಿ ಹಲ್ಲು ಕಡಿದ.

ಮುಬಾಕೆ ಸಮಾಧಿಯಿಂದ ತಂದ ಒಳಟೋಪಿಯನ್ನು ತಿರುಗಿಸಿ ನೋಡಿದ. ಒಂದು ಎಳೆಯೂ ಹರಿದಿಲ್ಲ. ಎಲುಬಿನ ಸೂಜಿ ಅದರ ಅಂಚಿನಲ್ಲಿ ನೇರವಾಗಿ ಚುಚ್ಚಿಕೊಂಡಿದೆ— ಕಾಣದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಕಿಂದಿಯ ವಿಧವೆ ವಾಬಿವಾಳನ್ನು ಹೊರಗೆ ಕರೆಸಿದ.

"ತಂಗೀ, ಕಿಂದಿಗೆ ಟೋಪಿ ತೊಡಿಸ್ತಿದ್ದೋರು ಯಾರು?"

"ನಾನೇ."

"ತೆಗೀತಿದ್ದೋರು?"

ಅವಳು ಅವನ ಕೈಯಲ್ಲಿದ್ದ ಒಳಟೋಪಿಯನ್ನೇ ನೋಡಿದಳು.

ಮುಬಾಕೆ ಜನರತ್ತ ತಿರುಗಿದ. "ಟೋಪೀನ ಒಳಟೋಪಿಗೆ ಸೂಜಿಯಿಂದ ಬಿಗಿದಿದ್ರು. ಕಳ್ಳ ಆಗಿದ್ರೆ ಎರಡನ್ನೂ ಬಾಚ್ಕೊಂಡು ಓಡ್ತಿದ್ದ. ಸೂಜಿ ಬಿಚ್ಚಿ, ಕಳೀಬಾರದು ಅಂತ ಮತ್ತೆ ಚುಚ್ಚಿಡೋದು ಯಾರು? ದಿನಾ ಮಾಡಿ ರೂಢಿಯಾದ ಕೈ. ಎಲ್ಲಿದೆ ಟೋಪಿ, ವಾಬಿವಾ?"

"ಒಲೇಲಿ ಸುಟ್ಟೆ."

ವಾಬಿವಾ ಜನರತ್ತ ತಿರುಗಿದಳು.

"ಆ ಪದವಿಗೆ ಅಂತ ಯಜಮಾನ್ರು ಮನೆ ಆಡುಗಳನ್ನೆಲ್ಲ ಸಂಘದೋರಿಗೆ ಹಂಚ್ತಿದ್ರು. ನನ್ನ ಮಗಳು ಜ್ವರದಲ್ಲಿ ಬೇಯ್ತಿದ್ಲು. ಒಂದಾದ್ರೂ ಮಾರಿ ಆಸ್ಪತ್ರೆಗೆ ಹೋಗೋಣ ಅಂತ ಅವರ ಕಾಲು ಹಿಡಿದೆ. ಅವಳನ್ನ ಮಣ್ಣು ಮಾಡಿದ ವಾರವೇ ಇವೇ ಕೈಯಿಂದ ಟೋಪಿ ತೊಡಿಸ್ದೆ. ಕಿಂದಿಯ ಹೆಂಡತಿ ಅಂತ ನನಗೂ ಪದವಿ ಬಂತು. ನಾನೂ ಕುಣಿದೆ."

"ಇವಳ ಪದವಿ ಕಿತ್ಕೊಳ್ಳಿ! ಊರಿಂದಾಚೆ ಹಾಕಿ!" ಕಿಕುನಿ ಅರಚಿದ.

ಹಗ್ಗ ಬಿಚ್ಚಿದ ಮೇಲೂ ಲುಸೊಲೊ ಕಂಬ ಬಿಟ್ಟು ಕದಲಲಿಲ್ಲ.

"ಅವ್ವಾ, ಇವರು ಹೊಡೀವಾಗ ನೀನು ಒಳಗೇ ಇದ್ಯಲ್ಲ? ನನ್ನ ಕೂಗು ಕೇಳಿಸ್ಲಿಲ್ವಾ?"

"ಕೇಳಿಸ್ತು."

"ಮತ್ತೆ?"

"ನಿನ್ನ ತಂಗಿಯನ್ನ ತಿಂದ ಟೋಪಿಗೆ ನೀನೂ ಬೆಲೆ ಕಟ್ಟಿದೆಯಲ್ಲೋ."

ಲುಸೊಲೊ ಬಾಯಿಯ ರಕ್ತ ಉಗುಳಿ ಹೊಳೆಯ ದಾರಿ ಹಿಡಿದ. ತಾಯಿ ಕರೆಯಲಿಲ್ಲ. ಅವನು ತಿರುಗಲಿಲ್ಲ.