ದೇವರೇ ಬಂದು ಹೇಳಲಿ

ಬೆಳಿಗ್ಗೆ ಏಳು ಗಂಟೆ. ರಸ್ತೆಯ ನೀರಿನ ಪೈಪು ಒಡೆದು ಟೈಲರಮ್ಮನ ಅಂಗಡಿಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಹೊಲಿಗೆ ಮೆಷಿನ್ ಮಗುಚಿ ಕೆಸರಲ್ಲಿ ಬಿದ್ದಿತ್ತು.

"ಸಾಕು ಕಣೇ," ಎಂದ ಅಣ್ಣ. "ಗಂಡ ಹೋದ, ಈಗ ಇದೂ ಹೋಯ್ತು. ದೇವರಿಗೇ ಇಷ್ಟವಿಲ್ಲ. ಅಂಗಡಿ ಮುಚ್ಚಿ ನಮ್ಮನೆಗೆ ಬಾ. ಗುಜರಿಯವನಿಗೆ ಹೇಳಿ ಕಳಿಸಿದ್ದೀನಿ."

"ಇಷ್ಟವಿಲ್ಲದಿದ್ರೆ ದೇವರೇ ಬಂದು ಹೇಳಲಿ! ನೀನ್ಯಾಕೆ ವಕಾಲತ್ತು ವಹಿಸ್ತೀಯ?"

ಅಣ್ಣ ಗೊಣಗುತ್ತ ಹೋದ. ಅವನ ಬೆನ್ನಿಗೇ ಇನ್ನೊಬ್ಬ ಬಂದ. ಎಣ್ಣೆಗಪ್ಪು ಕೈ, ಹೆಗಲಲ್ಲಿ ಚೀಲ. ನೀರಿಗಿಳಿದವನೇ ಮೆಷಿನ್ ಮೇಲೆ ಕೈಯಿಟ್ಟ.

ಗುಜರಿಯವನು! ಅವಳು ಕತ್ತರಿ ಎತ್ತಿದಳು.

"ಮುಟ್ಟಿದ್ರೆ ಬೆರಳು ಉಳಿಯಲ್ಲ!"

"ಬೆರಳಿಲ್ಲದೆ ರಿಪೇರಿ ಹೇಗೆ ಮಾಡ್ಲಿ ಮೇಡಂ? ನಾನು ಮೆಕ್ಯಾನಿಕ್. ಪಕ್ಕದ ಬೇಕರಿ ಅಜ್ಜಿ ಫೋನ್ ಮಾಡಿದ್ರು."

ಅವಳ ಮುಖ ಕೆಂಪಾಯಿತು. ಕತ್ತರಿ ಮಾತ್ರ ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ಬೇಕರಿ ಅಜ್ಜಿ ಬಂದು ಒದ್ದೆ ಬಟ್ಟೆಗಳನ್ನು ತನ್ನ ಒಲೆಯ ಹತ್ತಿರ ಹರವಲು ಹೊತ್ತುಕೊಂಡು ಹೋದಳು. ಕಟಿಂಗ್ ಅಂಗಡಿಯವನು, "ಇದು ಕೂದಲಿಗೆ ಮಾತ್ರ ಅಂತ ಯಾರಂದ್ರು?" ಎನ್ನುತ್ತ ಹೇರ್ ಡ್ರೈಯರ್ ತಂದು ಮೆಷಿನ್ನಿನ ಮೋಟರಿಗೆ ಹಿಡಿದ.

ಅವಳು ಯಾರನ್ನೂ ಕರೆದಿರಲಿಲ್ಲ. ಗಂಡ ಸತ್ತಂದಿನಿಂದ ದೇವರ ಜೊತೆಗೂ ಮಾತು ಬಿಟ್ಟಿದ್ದಳು. ಈಗ ಕತ್ತರಿ ಕೆಳಗಿಟ್ಟಳು.

'ನೀನು ಬಂದಿದ್ದೀಯ, ಗೊತ್ತಾಯ್ತು,' ಎಂದು ಮನಸ್ಸಿನಲ್ಲೇ ದೇವರನ್ನು ಗದರಿದಳು. 'ಜಗಳ ಇನ್ನೂ ಮುಗಿದಿಲ್ಲ!'

ಮೆಕ್ಯಾನಿಕ್ ವಾರವಿಡೀ ಬಂದ. ಒಂದೊಂದೇ ಭಾಗ ಬಿಚ್ಚಿ, ತುಕ್ಕು ತಿಕ್ಕಿ, ಎಣ್ಣೆ ಹಾಕಿ ಜೋಡಿಸಿದ. ಕೊನೆಗೆ ಓಡಿಸಿ ನೋಡಿದರೆ ಒಂದು ಹೊಲಿಗೆಯೂ ಬೀಳಲಿಲ್ಲ. ದಾರ ಕಿತ್ತು ಬಂತು.

"ನಾನು ಹೇಳಲಿಲ್ವಾ?" ಎಂದ ಬಾಗಿಲಲ್ಲಿದ್ದ ಅಣ್ಣ.

ಅವಳು ಬಗ್ಗಿ ನೋಡಿದಳು. "ಸೂಜಿ ಹಿಂದುಮುಂದಾಗಿ ಹಾಕಿದ್ದೀರಿ! ಹೊಲಿಗೆ ಕಲಿಯೋ ಹುಡುಗೀರು ಮಾಡೋ ತಪ್ಪಿದು. ಗಮನ ಎಲ್ಲಿತ್ತು?"

"ಇವತ್ತಿಗೆ ಕೆಲಸ ಮುಗಿಯುತ್ತೆ... ನಾಳೆ ಏನು ನೆಪ ಹೇಳ್ಕೊಂಡು ಬರ್ಲಿ ಅಂತ ಯೋಚಿಸ್ತಿದ್ದೆ."

ಅವಳು ಸೂಜಿ ಬಿಚ್ಚಿ ಸರಿಯಾಗಿ ಹಾಕಿದಳು. "ಅಯ್ಯೋ ಪಾಪ ಅಂತ ಬರೋದಾದ್ರೆ ಬರಬೇಡಿ."

"ಪಾಪ ಅನ್ಸಿರೋದು ನನ್ನ ಮೇಲೇನೇ. ಊಟ ಸೇರ್ತಿಲ್ಲ, ನಿದ್ದೆ ಬರ್ತಿಲ್ಲ... ನನ್ನ ಮದುವೆ ಆಗ್ತೀರಾ?"

"ಜನ ಏನಂತಾರೆ!" ಎಂದು ಅಣ್ಣ ಕೂಗಿದ.

"ಅಲ್ಲೇ ಹಿಂದೆ ನಿಂತಿದ್ದಾರಲ್ಲ, ಕೇಳು," ಎಂದಳು ಅವಳು.

ಅಣ್ಣ ತಿರುಗಿದ. ಅಕ್ಕಪಕ್ಕದ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಬೇಕರಿ ಅಜ್ಜಿ ಅವನತ್ತ ನೋಡಲೂ ಇಲ್ಲ. "ಬೇಗ ಹ್ಞೂಂ ಅನ್ನೇ, ಒಲೇಲಿ ಬ್ರೆಡ್ಡು ಸೀಯ್ತಿದೆ!"

"ನಾನು ಅಂಗಡಿ ಮುಚ್ಚಲ್ಲ," ಎಂದಳು ಅವಳು ಮೆಕ್ಯಾನಿಕ್‌ಗೆ.

"ಮುಚ್ಚು ಅಂದೋರ್ಯಾರು?"

"ಹಾಗಾದ್ರೆ... ಹ್ಞೂಂ."

ಮುಂದಿನ ತಿಂಗಳು ಅವರ ಮದುವೆಯಾಯಿತು. ಅಣ್ಣನೂ ಬಂದಿದ್ದ.