ಎರೆಮಣ್ಣು ತೊಳೆದ ಶನಿವಾರ

“ನನ್ನ ಮಣ್ಣು ಮೋರಿಗೆ ಸುರುವಿದಾಕಿ ಯಾರ್ರೀ ಇಲ್ಲಿ?”

ಹಗರಿಬೊಮ್ಮನಹಳ್ಳಿಯ ಆ ಪುಟ್ಟ ಮಣ್ಣು ಪರೀಕ್ಷೆಯ ಲ್ಯಾಬಿನ ಬಾಗಿಲಲ್ಲೇ ನಿಂತು ಕೂಗಿದವನು ಸಂಜೀವ, ಕಾಲುವೆ ಕೆಲಸದ ಹೊಸ ಇಂಜಿನಿಯರ್. ೧೯೯೮ರ ಬೇಸಿಗೆ, ಶನಿವಾರ.

ಉಚ್ಚಂಗೆಮ್ಮ ಜರಡಿ ಕೆಳಗಿಟ್ಟಳು. ಆರು ವರ್ಷ ಇಲ್ಲೇ ಮಣ್ಣು ತೊಳೆದಿದ್ದಾಳೆ. ಇವನ್ಯಾವ ದೊಡ್ಡ ಮನುಷ್ಯ!

“ನಾನೇ ರೀ. ಏನೀಗ?”

“ನಿಮ್ಮ ರಿಪೋರ್ಟಿನಾಗ ಮರಳು ನೂರಕ್ಕ ಹದಿನೆಂಟು. ನಾ ಸೈಟಿನಾಗ ಜರಡಿ ಹಿಡಿದ್ರ ಅರವತ್ತು! ಉಳಿದದ್ದು ನೀರಿನಾಗ ಚೆಲ್ಲೀರಿ. ಮ್ಯಾಲಿನ ಸಾಹೇಬ್ರಿಗೆ ಬರದು ಕೊಟ್ಟೀನಿ.”

ಬರೆದೇ ಕೊಟ್ಟಿದ್ದಾನೆ! ಅವಳದು ದಿನಗೂಲಿ ನೌಕರಿ. ಸೋಮವಾರ ಸಾಹೇಬರು ಆ ಕಾಗದ ಓದಿದರೆ ಮುಗಿಯಿತು, ತನ್ನೂರು ಹೊಳಲಿನ ಬಸ್ಸು ಹತ್ತಬೇಕು. ಕಣ್ಣಲ್ಲಿ ನೀರು ಬರುವ ಮೊದಲು ಬಾಯಿ ಬಂತು.

“ಒಣ ಜರಡಿ ಹಿಡಿದೀರೇನು?”

“ಹ್ಞೂಂ...”

“ಎರಿ ಮಣ್ಣಿಗೆ, ಈ ಕರಿ ಅಂಟು ಮಣ್ಣಿಗೆ! ಇಷ್ಟು ಓದಿ ಏನು ಬಂತ್ರೀ? ಒಣಗಿದ ಎರಿ ಗಂಟು ಕಟ್ಟಿ ಮರಳಿನಂಗ ಜರಡ್ಯಾಗ ನಿಂದರ್ತೈತಿ. ನೆನಸಿ ತೊಳೀಬೇಕು. ಕುಂದರ್ರಿ, ನೀವೇ ತೊಳೀರಿ!”

ಅವನ ಸೈಟಿನದೇ ಎರಡನೇ ಚೀಲದ ಮಣ್ಣು ನಿನ್ನೆಯಿಂದ ನೆನೆದಿತ್ತು. ಅದನ್ನು ತೂತೇ ಕಾಣದ ಸಣ್ಣ ಜರಡಿಗೆ ಸುರಿದಳು. ಪಾಪ, ಅಂಗಿಯ ತೋಳು ಮಡಚಿ ಕೂತ.

“ನೀರು ಮೆಲ್ಲಕ ಬಿಡ್ರಿ! ಎಮ್ಮಿ ಮೈ ತೊಳ್ಯಾಕ ಬಂದೀರೇನು?”

ಒಂದು ತಾಸು ಕರಿ ನೀರು ಇಳಿಯಿತು, ಆಮೇಲೆ ಬೂದು, ಕೊನೆಗೆ ತಿಳಿ. ಗಂಟುಗಳೆಲ್ಲ ಕರಗಿ, ಜರಡಿಯಲ್ಲಿ ಒಂದು ಹಿಡಿ ಮರಳು ಉಳಿದಿತ್ತು. ಓವನ್ನಿನಲ್ಲಿ ಒಣಗಿಸಿ ತೂಗಿದರೆ... ನೂರಕ್ಕೆ ಹದಿನೇಳೂವರೆ!

ಸಂಜೀವನ ಮುಖ ಸಣ್ಣಗಾಯಿತು. “ತಪ್ಪು ನಂದ. ಮರಳು ಅಂತ ನಂಬಿ ಈ ಎರಿ ಮ್ಯಾಲೆ ಕಾಲುವಿ ಕಟ್ಟಿದ್ರ, ನೀರು ಕುಡಿದು ಉಬ್ಬಿ ಒಡೀತಿತ್ತು.”

“ಬಾಯಿಲೆ ಅಂದ್ರ ಆತೇನು? ಅವತ್ತು ಬರದು ಕೊಟ್ರಿ, ಇವತ್ತೂ ಬರದು ಕೊಡ್ರಿ!”

ಅವತ್ತೇ ಬರೆದ. ಅವಳ ನೌಕರಿ ಉಳಿಯಿತು.

ಎಂಟು ದಿನಕ್ಕೆ ಕಚೇರಿಯಿಂದ ಸುದ್ದಿ ಬಂತು. ‘ಪರೀಕ್ಷೆಯ ರೀತಿ ತಿಳಿಯದೆ ಒಬ್ಬರ ಹೊಟ್ಟೆಯ ಮೇಲೆ ಹೊಡೆಯಲು ಹೋದೆ, ಶಿಕ್ಷೆ ನನಗಿರಲಿ’ ಎಂದು ಬರೆದಿದ್ದನಂತೆ. ಅದಕ್ಕೇ ಅವನಿಗೆ ಹರಪನಹಳ್ಳಿಗೆ ಎತ್ತಂಗಡಿ!

ಹೇಳಿ ಹೋಗಲು ಬಂದವನ ಮೇಲೆ ಉಚ್ಚಂಗೆಮ್ಮ ಹರಿಹಾಯ್ದಳು.

“ಅಷ್ಟು ಬರೀರಿ ಅಂದಿದ್ನೇನು ನಾನು? ಸುದ್ದಿ ಕೇಳಿದಾಗಿಂದ ಅನ್ನ ಸೇರವಲ್ದು ನನಗ!”

“ನಿಮಗ್ಯಾಕ ಅನ್ನ ಸೇರವಲ್ದು?”

ಅವಳು ಜರಡಿ ಎತ್ತಿಕೊಂಡು ಆಚೆ ತಿರುಗಿದಳು. ಅಯ್ಯೋ, ಬಾಯಿ ಜಾರಿತಲ್ಲ...

ಸಂಜೀವ ಒಂದು ಹೆಜ್ಜೆ ಹತ್ತಿರ ಬಂದ. “ನನಗೂ ಸೇರವಲ್ದು. ಹೊಳಲಿಗೆ ಬಂದು ನಿಮ್ಮವ್ವನ್ನ ಕೇಳ್ಲೇನು?”

“ನಾ ಸಿಟ್ಟಿನಾಕಿ. ದಿನಾ ಬೈತೀನಿ.”

“ಬೈರಿ.”

“ಬೈರಿ ಅಂತ! ಕಟ್ಟಿಕೊಳ್ಳೋ ಹೆಣ್ಣಿಗೆ ಯಾರಾರ ‘ರಿ’ ಹಚ್ತಾರೇನು?”

ಅವನು ನಕ್ಕ. “ಬೈಯಿ, ಉಚ್ಚಂಗಿ.”

ಬೈಯಲು ಬಾಯಿ ತೆರೆದವಳು ಅತ್ತೇಬಿಟ್ಟಳು.